ಕೋಳಿಯನ್ನು ಕೇಳಿದವರು

“ಕೋಳಿ ಕೇಳಿ ಮಸಾಲೆ ಅರೀತಾರಾ?” ಎಂಬ ಮಾತು ಕೋಳಿಯ ವಿಚಾರಕ್ಕೆ ಬಳಕೆಯಾಗುವುದೇ ಅಪರೂಪ. ಹೇಳದೆ ಕೇಳದೆ ವರ್ಗಾವಣೆ ಆದೇಶ ಬಂದಾಗ, ಮಗಳ ಕಿವಿಗೆ ಹಾಕದೆ ಗಂಡು ಗೊತ್ತು ಮಾಡಿದಾಗ, ಊರವರಿಗೆ ತಿಳಿಸದೆ ರಸ್ತೆಗೆ ಜಮೀನು ಗುರುತಿಸಿದಾಗ ಈ ಗಾದೆ ಹೊರಬರುತ್ತದೆ. ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿದವರ ಮನೆಯಲ್ಲಿ ಮಾತ್ರ ಅದು ಬರೀ ಗಾದೆಯಾಗಿ ಉಳಿಯುವುದಿಲ್ಲ. ನೆಂಟರು ಬರುವ ಭಾನುವಾರ ಒಳಗೆ ಧನಿಯಾ, ಚಕ್ಕೆ, ಲವಂಗ ಹುರಿದ ವಾಸನೆ. ಹೊರಗೆ ಅದೇ ಹುಂಜ ಅಡುಗೆಮನೆಯ ಹೊಸಿಲವರೆಗೂ ಬಂದು, ಕತ್ತು ಓರೆ ಮಾಡಿ, ಒಂದೇ ಕಣ್ಣಲ್ಲಿ ಒಳಗೆ ನೋಡುತ್ತಿರುತ್ತದೆ.

ಅಂಗಡಿಯಲ್ಲಿ ಕೋಳಿ ಎಂದರೆ ಕೆಜಿ ಲೆಕ್ಕ. ಹಿತ್ತಿಲಲ್ಲಿ ಅದಕ್ಕೊಂದು ನಡತೆ ಇರುತ್ತದೆ. ಒಂದು ಹೇಟೆ ಹುಲ್ಲು ಹಾಸಿಟ್ಟ ಬುಟ್ಟಿ ಬಿಟ್ಟು ಸೌದೆ ಒಟ್ಟಿಲ ಸಂದಿಯಲ್ಲೇ ಮೊಟ್ಟೆ ಇಡುತ್ತದೆ. ಇನ್ನೊಂದು ಕಾವಿಗೆ ಕೂತಿತೋ, ಎಬ್ಬಿಸಲು ಹೋದ ಕೈಯನ್ನು ಕುಕ್ಕದೆ ಬಿಡುವುದಿಲ್ಲ. ದಿನಕ್ಕೊಮ್ಮೆ ಕಾಳು ನೀರಿಗೆಂದು ಇಳಿದರೂ ಅವಸರದಲ್ಲೇ ವಾಪಸು. ಹಾಗೆ 21 ದಿನ ಮೊಟ್ಟೆಗಳನ್ನು ಹೊರಳಿಸುತ್ತಾ ಕೂರುತ್ತದೆ. ಕೊನೆಕೊನೆಗೆ ಚಿಪ್ಪಿನೊಳಗಿಂದಲೇ ಮರಿ ಕಿಚಗುಟ್ಟುತ್ತದೆ. ತಾಯಿ ಮೆಲ್ಲಗೆ ಓಗೊಡುತ್ತದೆ. ಹುಂಜಕ್ಕೆ ಗೆದ್ದಲು ಸಿಕ್ಕರೆ ನುಂಗುವ ಬದಲು ಎತ್ತಿ ಕೆಡವಿ, ಮತ್ತೆ ಎತ್ತಿ ಕೆಡವಿ, ಹೇಟೆಗಳನ್ನು ಕೂಗುತ್ತದೆ. ಬಳಗ ಕರೆದು ಉಣ್ಣುವ ಗುಣಕ್ಕೆ ಬಸವಣ್ಣನವರು ವಚನವೊಂದರಲ್ಲಿ ಕೋಳಿಯನ್ನು ಉದಾಹರಣೆಯಾಗಿ ತಂದದ್ದು ಹಿತ್ತಿಲು ಕಂಡವರ ಮಾತು. (ಹೇಟೆಯನ್ನು ಒಲಿಸಿಕೊಳ್ಳುವ ಉಪಾಯವೂ ಅದರಲ್ಲಿದೆ ಎನ್ನುತ್ತಾರೆ ಪ್ರಾಣಿವರ್ತನೆ ಅಭ್ಯಾಸ ಮಾಡುವವರು. ಇರಲಿ, ಮನುಷ್ಯರ ಔತಣಗಳೂ ಅಷ್ಟೇ.) ಯಾರು ಯಾರನ್ನು ಕುಕ್ಕಬಹುದು ಎಂಬ ಕೋಳಿಗಳ ಶ್ರೇಣಿಯನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದ ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಕೂಡ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನೇ ನೋಡುತ್ತಾ ಬೆಳೆದವನು. ಅವನ ಪ್ರಬಂಧ ಬಂದದ್ದು 1921ರಲ್ಲಿ.

ಇಷ್ಟೆಲ್ಲ ಗೊತ್ತಾದ ಮೇಲೆ ಕತ್ತಿ ಹಿಡಿಯುವುದು ಹೇಗೆ? ಹದ್ದಿನಿಂದ, ಮುಂಗುಸಿಯಿಂದ ಕಾಪಾಡಿದ ಕೈ ಅದೇ. ವಾರದ ಮರಿಯ ಕಣ್ಣಿಗೆ ರಾಣಿಖೇತ್ ಲಸಿಕೆಯ ಹನಿ ಬಿಟ್ಟದ್ದೂ ಅದೇ ಕೈ.

ಗಾದೆ ಏನೇ ಹೇಳಲಿ, ಕೋಳಿಯನ್ನು ಕೇಳುವ ಜಾಗ ಒಂದಿದೆ. ಅದು ಊರಮ್ಮನ ಗುಡಿಯ ಮುಂದಿನ ಬಯಲು. ಹರಕೆಯ ಕೋಳಿಗೆ ಅರಿಸಿನ ಕುಂಕುಮ ಇಟ್ಟು ತಲೆಯ ಮೇಲೆ ತೀರ್ಥ ಚಿಮುಕಿಸಿ ಎಲ್ಲರೂ ಕಾಯುತ್ತಾರೆ. ಕೋಳಿ ಮೈ ಕೊಡವಿದರೆ ಅಮ್ಮನಿಗೆ ಒಪ್ಪಿಗೆ, ಕೋಳಿಗೂ ಒಪ್ಪಿಗೆ. ಕೊಡವದಿದ್ದರೆ ಗುಂಪಿನಲ್ಲಿ ಗುಸುಗುಸು: ಹರಕೆಯಲ್ಲಿ ಏನೋ ಲೋಪವಾಗಿದೆ, ಮನೆಯಲ್ಲಿ ಯಾರಿಗೋ ಮನಸ್ಸಿಲ್ಲ. ಮತ್ತೆ ತಪ್ಪೊಪ್ಪಿಗೆ, ಮತ್ತೆ ನೀರು. ಮೈಮೇಲೆ ನೀರು ಬಿದ್ದ ಹಕ್ಕಿ ಕೊಡವಿಕೊಳ್ಳದೆ ಇನ್ನೇನು ಮಾಡೀತು ಎಂದು ನಗುವುದು ಸುಲಭ. ಆದರೆ ಕೇಳಲೇಬೇಕು ಎಂದು ಆ ಜನಕ್ಕೆ ಅನ್ನಿಸಿತಲ್ಲ, ಅದನ್ನು ನಗೆಯಲ್ಲಿ ತೇಲಿಸಿಬಿಡಲು ಬರುವುದಿಲ್ಲ. ಕೊಲ್ಲುವುದು ತಮ್ಮೊಬ್ಬರ ತೀರ್ಮಾನ ಆಗಬಾರದು ಎಂಬ ಅಳುಕು ಅಲ್ಲಿದೆ.

ಈ ಅಳುಕು ನಮ್ಮೊಬ್ಬರದೇ ಅಲ್ಲ. ಗ್ರೀಸಿನ ಡೆಲ್ಫಿಯಲ್ಲಿ ದೇವವಾಣಿ ಕೇಳುವ ಮೊದಲು ಆಡಿನ ಮೇಲೆ ತಣ್ಣೀರು ಸುರಿಯುತ್ತಿದ್ದರು. ಅದು ಅಡಿಯಿಂದ ಮುಡಿವರೆಗೆ ನಡುಗಿದರಷ್ಟೇ ಮುಂದಿನ ಕಾರ್ಯ. ಅದೇ ಗುಡಿಯ ಅರ್ಚಕನಾಗಿದ್ದ ಪ್ಲೂಟಾರ್ಕ್ ಒಂದು ಘಟನೆ ಬರೆದಿಟ್ಟಿದ್ದಾನೆ. ದೂರದಿಂದ ಬಂದವರಿಗಾಗಿ ಆಡಿನ ಮೇಲೆ ನೀರು ಹುಯ್ದರೂ ಅದು ಅಲುಗಲಿಲ್ಲ. ಬಂದವರನ್ನು ಮೆಚ್ಚಿಸಲು ಅರ್ಚಕರು ಹುಯ್ದರು, ಹುಯ್ದರು, ಆಡು ತೊಯ್ದು ತೊಪ್ಪೆಯಾಗಿ ಕೊನೆಗೂ ನಡುಗಿತು. ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಹೋದ ಪೂಜಾರಿಣಿ ವಿಕಾರವಾಗಿ ಕಿರುಚುತ್ತಾ ಹೊರಗೋಡಿ ಬಂದು ಬಿದ್ದಳು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಬಲವಂತದ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದು ಆ ಅರ್ಚಕನಿಗೂ ತಿಳಿದಿತ್ತು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ತುದಿ ಮುಟ್ಟಿಸಿದವನು ಜನ್ನ. 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಅವನು ಕೇಳುವ ಸಂದರ್ಭವೇ ಇಲ್ಲದಂತೆ ಮಾಡುತ್ತಾನೆ: ಬಲಿಯಾಗುವುದು ಹಿಟ್ಟಿನ ಹುಂಜ. ಹೆಂಡತಿ ಅಮೃತಮತಿ ಮಾವುತನ ಹಾಡಿಗೆ ಮರುಳಾದದ್ದನ್ನು ಕಣ್ಣಾರೆ ಕಂಡ ರಾಜ ಯಶೋಧರ, ತಾಯಿಯ ಮುಂದೆ ಅದನ್ನು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ತಾಯಿ ಚಂದ್ರಮತಿ ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಹತ್ಯೆಗೆ ಮಗ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯಲ್ಲಿ ರಾಜಿಯಾಗುತ್ತದೆ. ಆದರೆ ಆ ಬೊಂಬೆಯ ಅಂದಕ್ಕೆ ಸೋತು ಬೇತಾಳವೊಂದು ಅದರೊಳಗೆ ಹೊಕ್ಕಿರುತ್ತದೆ. ಕತ್ತಿ ಬಿದ್ದೊಡನೆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ! ಮುಂದೆ ಅಮೃತಮತಿ ಇಟ್ಟ ವಿಷಕ್ಕೆ ತಾಯಿ ಮಗ ಇಬ್ಬರೂ ಸತ್ತು, ನವಿಲು ನಾಯಿಯಿಂದ ಶುರುವಾಗಿ ಜನ್ಮ ಜನ್ಮ ಅಲೆದು, ಒಂದು ಜನ್ಮದಲ್ಲಿ ಕೋಳಿಗಳಾಗಿಯೇ ಹುಟ್ಟಿ ರಾಜನ ಬಾಣಕ್ಕೆ ಬೀಳುತ್ತಾರೆ. ಆ ರಾಜ ಯಶೋಧರನ ಸ್ವಂತ ಮಗ.

ಒಂದು ತೊಟ್ಟು ರಕ್ತ ಬೀಳದ ಬಲಿಗೆ ಇಷ್ಟು ಶಿಕ್ಷೆಯೇ ಎಂದು ಓದುಗರಿಗೆ ಅನ್ನಿಸುವುದುಂಟು. ಜೈನ ಚಿಂತನೆಯ ಉತ್ತರ ಖಚಿತ: ಕೊಲ್ಲುವ ಸಂಕಲ್ಪವೇ ಹಿಂಸೆ. ಅದನ್ನು ಒಪ್ಪಿಕೊಂಡರೆ ಅಂಗಡಿಯ ಗಿರಾಕಿ ತಪ್ಪಿಸಿಕೊಳ್ಳುವಂತೆ ಕಾಣುತ್ತದೆ. ಅವನ ಮನಸ್ಸಿನಲ್ಲಿ ಇರುವುದು ಅರ್ಧ ಕೆಜಿ, ಇಂಥದೇ ಕೋಳಿ ಅಲ್ಲ. ಬೌದ್ಧ ಭಿಕ್ಷುಗಳಿಗೆ ವಿನಯ ಗ್ರಂಥಗಳು ಇಟ್ಟ ನಿಯಮವೂ ಅವನಿಗೆ ಅನುಕೂಲವೇ: ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಶಂಕಿಸಿರಲೂಬಾರದು, ಹಾಗಿದ್ದರೆ ಜೋಳಿಗೆಗೆ ಬಿದ್ದ ಮಾಂಸಕ್ಕೆ ದೋಷವಿಲ್ಲ. ಹಿತ್ತಿಲ ಕೋಳಿ ಮೂರಕ್ಕೆ ಮೂರೂ ಮುರಿಯುತ್ತದೆ. ಕಂಡದ್ದು, ಅದರ ಕೂಗು ಕೇಳಿದ್ದು, ಶಂಕೆಯಂತೂ ಬೆಳಗಿನಿಂದಲೂ ಇದ್ದದ್ದೇ. ಭಿಕ್ಷೆ ಬೇಡುವವರಿಗೆ ಮಾಡಿದ ನಿಯಮ ದುಡ್ಡು ಎಣಿಸಿ ಕೊಳ್ಳುವವರ ನೆಮ್ಮದಿಗೆ ಒದಗಿಬರುವುದು ವಿಚಿತ್ರವೇ ಸರಿ.

ಮೊಟ್ಟೆಯ ವಿಚಾರಕ್ಕೆ ಬಂದರೆ ಇನ್ನೂ ತಮಾಷೆ. 1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಗಾಂಧೀಜಿ, ಹುಂಜದ ಸಂಗವಿಲ್ಲದ ಕೋಳಿಯ ಮೊಟ್ಟೆ ಮರಿಯಾಗುವುದಿಲ್ಲ, ಹಾಲು ಕುಡಿಯುವವರು ಅದನ್ನು ತಿನ್ನಲು ಅಡ್ಡಿಯಿಲ್ಲ ಎಂಬರ್ಥದ ಮಾತು ಬರೆದರು. ಈ ಲೆಕ್ಕದಲ್ಲಿ ಪಾಸಾಗುವುದು ಫಾರಂ ಮೊಟ್ಟೆ. ಹುಂಜ ಕಾಣದ ಆ ಕೋಳಿ ಬದುಕುವುದು ಒಂದು ಎ4 ಹಾಳೆಗಿಂತ ಕಿರಿದಾದ ಪಂಜರದ ಜಾಗದಲ್ಲಿ. ಅದರ ಜೊತೆ ಹುಟ್ಟಿದ ಗಂಡು ಮರಿಗಳನ್ನು ಮೊಟ್ಟೆ ಇಡುವುದಿಲ್ಲವೆಂದು ಹ್ಯಾಚರಿಯಲ್ಲೇ ಸಾಯಿಸುವುದು ಆ ಉದ್ಯಮದ ವಾಡಿಕೆ. ದಿನವಿಡೀ ತಿಪ್ಪೆ ಕೆದಕಿ, ಬೂದಿ ಗುಂಡಿಯಲ್ಲಿ ಹೊರಳಿ, ಹುಂಜದೊಡನೆ ಸಂಸಾರ ಮಾಡಿದ ನಾಟಿ ಕೋಳಿಯ ಮೊಟ್ಟೆಯಲ್ಲಿ ಮಾತ್ರ ಜೀವವಿದೆ, ಆದ್ದರಿಂದ ದೋಷ! ಮೊಟ್ಟೆಯೊಳಗಿನ ಜೀವವನ್ನಷ್ಟೇ ಎಣಿಸಿ, ಇಟ್ಟ ಜೀವವನ್ನು ಬಿಟ್ಟರೆ ಲೆಕ್ಕ ಹೀಗೇ ಬರುತ್ತದೆ.

ಕಾನೂನು ಕೂಡ ಗಟ್ಟಿಯಾಗಿ ಒಂದು ಕಡೆ ನಿಂತಿಲ್ಲ. ಪ್ರಾಣಿಬಲಿ ತಡೆಗೆ ಕರ್ನಾಟಕದಲ್ಲಿ 1959ರಿಂದಲೇ ಕಾಯ್ದೆಯಿದೆ. ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಸೆಕ್ಷನ್, ಧರ್ಮ ಹೇಳಿದ ರೀತಿಯಲ್ಲಿ ಕೊಲ್ಲುವುದು ಆ ಕಾಯ್ದೆಯಡಿ ಅಪರಾಧವಲ್ಲ ಎನ್ನುತ್ತದೆ. ಗುಡಿಯ ಅಂಗಳದ ಕೋಳಿಗೆ ಪೊಲೀಸರು ಬರಬಹುದು. ಅಡುಗೆಮನೆ ಹಿಂದಿನ ಕೋಳಿಯ ತಂಟೆಗೆ ಯಾರೂ ಬರುವುದಿಲ್ಲ.

ಎಷ್ಟೋ ಮನೆಗಳು ತಮ್ಮದೇ ದಾರಿ ಹುಡುಕಿಕೊಂಡಿವೆ. ಕೈಯಾರೆ ಸಾಕಿದ ಹುಂಜವನ್ನು ಸಂತೆಯಲ್ಲಿ ಮಾರಿ, ಬಂದ ದುಡ್ಡಲ್ಲಿ ಮುಖ ಪರಿಚಯವಿಲ್ಲದ ಇನ್ನೊಂದನ್ನು ಕೊಂಡು ಬರುತ್ತಾರೆ. ಕೊಂಡದ್ದು ಇನ್ಯಾರದೋ ಹಿತ್ತಿಲಲ್ಲಿ ಹೆಸರಿಟ್ಟುಕೊಂಡು ಬೆಳೆದದ್ದೇ. ಮೊಟ್ಟೆ ನಿಲ್ಲಿಸಿದ ಮುದಿ ಹೇಟೆಯದು ಬೇರೆ ಕತೆ. ಮಾರಿದರೆ ಬೆಲೆ ಬಾರದು, ಬೇಯಿಸಿದರೆ ಬೇಯದು. “ಇನ್ನೊಂದು ಕಾವು ಕೂರಲಿ, ಆಮೇಲೆ ನೋಡಿದರಾಯ್ತು” ಎನ್ನುತ್ತಾಳೆ ಮನೆಯ ಅಜ್ಜಿ. ಹೋದ ಯುಗಾದಿಯ ಹೊಸತೊಡಕಿಗೂ ಹೀಗೇ ಅಂದಿದ್ದಳು. ಸಂಜೆ ಹೊತ್ತು ಇಳಿಯುವಾಗ ಬಾ ಬಾ ಬಾ ಎಂದು ಕರೆದು, ಒಂದೊಂದನ್ನೇ ಎಣಿಸಿ ಒಳಗೆ ಬಿಟ್ಟು ಮಂಕರಿ ಮುಚ್ಚುತ್ತಾಳೆ. ಬೆಕ್ಕು ಎತ್ತದಂತೆ ಮೇಲೊಂದು ಕಲ್ಲು ಹೇರುತ್ತಾಳೆ. ಮುದಿ ಹೇಟೆ ಒಳಗಿನಿಂದ ಸ್ವಲ್ಪ ಹೊತ್ತು ಗೊಣಗಿ ಸುಮ್ಮನಾಗುತ್ತದೆ.