ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದೇ?



ರೋಗ ಬಂದಾಗ ಸತ್ಯವಿಶ್ವಾಸಿಯ ಕರ್ತವ್ಯವೇನು? ಸಹನೆ ಎಂದು ನಾವೆಲ್ಲರೂ ಉತ್ತರಿಸುತ್ತೇವೆ. ಉತ್ತರ ಸರಿ. ಆದರೆ ಆ ಸಹನೆಯ ಅರ್ಥವೇನೆಂದು ಎಂದಾದರೂ ಕೇಳಿಕೊಂಡಿದ್ದೇವೆಯೇ?

ನಮ್ಮ ಮಾಯಸಂದ್ರದ ಸುತ್ತಮುತ್ತ ತೆಂಗನ್ನು ನಂಬಿದ ಬದುಕು. ನೆರೆಯ ಚಾಚಾ ಒಬ್ಬರು ಕೊಬ್ಬರಿಯ ಚಿಪ್ಪು ಒಡೆಯುವ ಕೆಲಸ ಮಾಡುತ್ತಿದ್ದರು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಒಮ್ಮೆ ಚಿಪ್ಪಿನ ಚೂರೊಂದು ಅಂಗಾಲಿಗೆ ಹೊಕ್ಕಿತು. ಅವರಿಗೆ ಗೊತ್ತೇ ಆಗಲಿಲ್ಲ. ಈ ಕಾಯಿಲೆ ಹಳೆಯದಾದಂತೆ ಕಾಲಿನ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ರಕ್ತಸಂಚಾರ ಕುಗ್ಗಿ ಗಾಯ ಮಾಯುವುದೂ ತಡವಾಗುತ್ತದೆ.

ಮಾಮೂಲಿ ಮಾತ್ರೆಗೆಂದು ಅವರು ಆಸ್ಪತ್ರೆಯೊಂದಕ್ಕೆ ಹೋದಾಗ ಜೊತೆಗೆ ನಾನಿದ್ದೆ. ಎರಡು ನಿಮಿಷದಲ್ಲಿ ಚೀಟಿ ಕೈಗೆ ಬಂತು. ಕಾಲನ್ನು ಯಾರೂ ನೋಡಲಿಲ್ಲ. "ಕಾಲು ಊದಿದೆ ಚಾಚಾ, ತೋರಿಸೋಣವೇ?" ಎಂದೆ. "ಬೇಡ ಬೇಟಾ, ಡಾಕ್ಟರಿಗೆ ಸಿಟ್ಟು ಬರುತ್ತೆ. ಅಲ್ಲಾಹ್ ಕೊಟ್ಟದ್ದು, ಸಬ್ರ್ ಮಾಡೋಣ" ಎಂದರು. ನಾನೂ ಸುಮ್ಮನಾದೆ. ಎರಡು ತಿಂಗಳ ಬಳಿಕ ಅವರ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಮಕ್ಕಳಿಗೆ ಸಬ್ರಿನ ಪಾಠ ಹೇಳುವ ನಾನು ಅಂದು ತೋರಿದ್ದು ಸಬ್ರ್ ಆಗಿರಲಿಲ್ಲ. ಅದು ಬರೀ ಸಂಕೋಚ.

ಪ್ರವಾದಿ ಅಯ್ಯೂಬ್(ಅ)ರನ್ನು ನೆನಪಿಸಿಕೊಳ್ಳಿ. ಅವರು ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ಆದರೂ ಪವಿತ್ರ ಕುರ್‌ಆನ್ ಅವರನ್ನು ಸಹನಶೀಲರೆಂದೇ ಹೊಗಳಿದೆ. "ಅದು ಅಲ್ಲಾಹನಲ್ಲಿ ಹೇಳಿಕೊಂಡದ್ದು, ಮನುಷ್ಯರಲ್ಲಿ ಅಲ್ಲ" ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ವಿಧಿಯ ಬಗ್ಗೆ ಜನರ ಮುಂದೆ ಗೊಣಗುವುದು ಸಲ್ಲದು. ಆದರೆ ವೈದ್ಯರ ಮುಂದೆ ಗಾಯ ತೋರಿಸುವುದು ಗೊಣಗಾಟವಲ್ಲ, ಅದು ಸಾಕ್ಷ್ಯ. ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ಪಡೆಯಿರೆಂದೇ ಹೇಳಿದ್ದಾರೆ. ಶರೀರ ನಮ್ಮ ಸ್ವಂತ ಆಸ್ತಿಯಲ್ಲ, ಅಮಾನತ್. ಅಮಾನತ್ತನ್ನು ಕಾಯುವವನು ಕಳ್ಳ ನುಗ್ಗಿದಾಗ ಮೌನವಾಗಿದ್ದರೆ ಅದನ್ನು ಸಹನೆ ಎನ್ನುತ್ತೇವೆಯೇ?

1922ಕ್ಕೆ ಮೊದಲು ಇನ್ಸುಲಿನ್ ಚಿಕಿತ್ಸೆಯೇ ಇರಲಿಲ್ಲ; ಮಕ್ಕಳಿಗೆ ಈ ರೋಗ ತಗಲಿದರೆ ಸಾವು ಬಹುತೇಕ ಖಚಿತವಾಗಿತ್ತು. ಅದನ್ನು ಸಿದ್ಧಪಡಿಸಿದವರು 1923ರಲ್ಲಿ ಅದರ ಹಕ್ಕನ್ನು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಎಲ್ಲರಿಗೂ ಸಿಗಲೆಂದು ಕೊಟ್ಟ ಔಷಧವನ್ನು ಕೇಳಿ ಪಡೆಯಲು ನಾವೇಕೆ ನಾಚಬೇಕು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ನೀವು ಕೇಳುವ ಒಂದು ಪ್ರಶ್ನೆ ಸಾಲಿನಲ್ಲಿ ನಿಮ್ಮ ಹಿಂದೆ ನಿಂತವರಿಗೂ ದಾರಿಯಾಗುತ್ತದೆ.

ಹಾಗಾದರೆ ಏನು ಮಾಡೋಣ? ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಅಂಗಾಲನ್ನು ಕಣ್ಣಾರೆ ನೋಡಿ, ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ವರ್ಷಕ್ಕೊಮ್ಮೆಯಾದರೂ ಕಾಲು, ಕಣ್ಣು, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿರೆಂದು ವೈದ್ಯರನ್ನು ವಿನಯದಿಂದ ಕೇಳಿ. ರಮಝಾನ್‌ಗೆ ಕೆಲವು ವಾರಗಳ ಮೊದಲೇ ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣದ ಬಗ್ಗೆ ಸಲಹೆ ಪಡೆಯಿರಿ. ರೋಗಿಗೆ ಅಲ್ಲಾಹನೇ ಕೊಟ್ಟ ರಿಯಾಯಿತಿಯನ್ನು ತಿರಸ್ಕರಿಸುವುದು ಭಕ್ತಿಯಲ್ಲ. ಆಸ್ಪತ್ರೆಯಲ್ಲಿ ಔಷಧವಿಲ್ಲದಿದ್ದರೆ ಅಲ್ಲಿನ ಆರೋಗ್ಯ ರಕ್ಷಾ ಸಮಿತಿಗೆ ನಾಲ್ಕು ಜನ ಸೇರಿ ಅರ್ಜಿ ಬರೆಯಿರಿ. ಬರೆಯಲು ಬಾರದವರಿಗೆ ಓದಿದ ಮಕ್ಕಳು ಬರೆದುಕೊಡಲಿ. ವೈದ್ಯರಿಗೂ ದಣಿವಿದೆ ಎಂಬುದನ್ನು ಮರೆಯದೆ ಒಳ್ಳೆಯ ಮಾತಿನಲ್ಲೇ ಕೇಳಿ. ಆದರೆ ಕೇಳದೆ ಇರಬೇಡಿ.

ಚಾಚಾ ಈಗ ಮಸ್ಜಿದ್‌ನಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾರೆ. ನನ್ನ ಮೇಲೆ ಅವರಿಗೆ ಬೇಸರವಿಲ್ಲ. ಆದರೆ ಆ ದಿನ ನಾನೇಕೆ ಸುಮ್ಮನಿದ್ದೆ ಎಂದು ನಾಳೆ ಅಲ್ಲಾಹನು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಓದುಗರೇ, ನಿಮಗೆ ಆ ಸ್ಥಿತಿ ಬಾರದಿರಲಿ. ಎಲ್ಲ ರೋಗಿಗಳಿಗೆ ಅಲ್ಲಾಹನು ಗುಣವನ್ನೂ, ಅವರ ಜೊತೆಗಿರುವವರಿಗೆ ಮಾತನಾಡುವ ಧೈರ್ಯವನ್ನೂ ಕರುಣಿಸಲಿ. ಆಮೀನ್.