ನೀರಿನ ಲೆಕ್ಕದಲ್ಲಿ ‘ಸ್ಯಾತ್’

ನೀರನ್ನು ಗಾಳಿಸದೆ ಬಳಸಬಾರದೆಂಬುದು ಶ್ರಾವಕಾಚಾರದ ಮೊದಲ ಪಾಠಗಳಲ್ಲೊಂದು. ಬಟ್ಟೆಯಲ್ಲಿ ನೀರನ್ನು ಸೋಸಿದ ಮಾತ್ರಕ್ಕೆ ಜಲಗಾಲನವು ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಆ ನೀರಿನ ಮೂಲಕ್ಕೇ ಮರಳಿಸಬೇಕು. ಕಣ್ಣಿಗೆ ಕಾಣದುದರ ಅರಿವು ಮತ್ತು ಆ ಅರಿವಿಗೆ ತಕ್ಕ ನಡೆ, ಇವೆರಡೂ ಕೂಡಿದಾಗಲೇ ಆ ವ್ರತವು ಸಾರ್ಥಕ. ಒಂದು ಕೊಡ ನೀರಿನ ವಿಷಯದಲ್ಲಿ ಇಷ್ಟು ಎಚ್ಚರವನ್ನು ಬೇಡುವ ಧರ್ಮವು ಇಡೀ ನದಿಯನ್ನೇ ಹಂಚುವ ಅಧಿಕಾರಿಗಳಿಂದ ಏನನ್ನು ನಿರೀಕ್ಷಿಸೀತು? ಅವರ ಮುಂದೆ ಒಂದೆಡೆ ವಿಜ್ಞಾನಿಗಳ ಅಂಕಿ ಅಂಶಗಳಿರುತ್ತವೆ, ಇನ್ನೊಂದೆಡೆ ರೈತರ ಮತ್ತು ನಗರಗಳ ಬೇಡಿಕೆಗಳಿರುತ್ತವೆ. ಆ ಅಂಕಿಗಳನ್ನು ಹೇಗೆ ಸ್ವೀಕರಿಸಬೇಕೆಂಬುದು ಮೂಲತಃ ನೀತಿಯ ಪ್ರಶ್ನೆ.

ಇದಕ್ಕೆ ಮೊದಲು ದೂರದ ನಿದರ್ಶನವೊಂದನ್ನು ನೋಡಬಹುದು. ಅಮೆರಿಕದ ಪಶ್ಚಿಮ ಭಾಗದ ಏಳು ರಾಜ್ಯಗಳು 1922ರಲ್ಲಿ ಕೊಲರಾಡೊ ನದಿಯ ನೀರನ್ನು ಹಂಚಿಕೊಳ್ಳಲು ಒಪ್ಪಂದ ಮಾಡಿಕೊಂಡವು. ಮೇಲಣ ಮತ್ತು ಕೆಳಗಣ ಕಣಿವೆಗಳಿಗೆ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ನೀರು ಗೊತ್ತಾಯಿತು. ಆದರೆ ಅವರು ಆಧಾರವಾಗಿಟ್ಟುಕೊಂಡ ಕೆಲವು ದಶಕಗಳ ದಾಖಲೆಯು ಅಸಾಧಾರಣವಾಗಿ ಮಳೆ ಸುರಿದ ಕಾಲದ್ದಾಗಿತ್ತು. ನದಿಯಲ್ಲಿ ಅಷ್ಟು ನೀರಿಲ್ಲವೆಂದು ಯೂಜೀನ್ ಲಾರೂ ಎಂಬ ಜಲವಿಜ್ಞಾನಿ ಅದೇ ದಶಕದಲ್ಲಿ ಎಚ್ಚರಿಸಿದರೂ ಆ ಮಾತಿಗೆ ಮನ್ನಣೆ ದೊರೆಯಲಿಲ್ಲ. ಮುಂದೆ 1976ರಲ್ಲಿ ಪ್ರಕಟವಾದ ಮರದ ಉಂಗುರಗಳ ಅಧ್ಯಯನವು ಹಲವು ಶತಮಾನಗಳ ಸರಾಸರಿ ಹರಿವನ್ನು ಸುಮಾರು 135 ಲಕ್ಷ ಎಕರೆ-ಅಡಿ ಎಂದು ಅಂದಾಜಿಸಿತು. 2021ರಲ್ಲಿ ಆ ನದಿಯ ಮೇಲೆ ಪ್ರಥಮ ಬಾರಿಗೆ ಅಧಿಕೃತವಾಗಿ ಕೊರತೆಯನ್ನು ಘೋಷಿಸಬೇಕಾಯಿತು.

ಇಲ್ಲಿ ಅರಿವಿನ ಕೊರತೆಗಿಂತ ಲೋಭವೇ ಹೆಚ್ಚು ಕೆಲಸ ಮಾಡಿತೆನ್ನಬೇಕು. ಅಂಕಿಯು ದೊಡ್ಡದಾದಷ್ಟೂ ಯಾರಿಗೂ ‘ಇಲ್ಲ’ ಎನ್ನದೆ ಹಂಚಬಹುದು. ಇಲ್ಲದ ನೀರಿನ ಮೇಲೆ ಹಕ್ಕು ಸ್ಥಾಪಿಸುವುದೂ ಪರಿಗ್ರಹವೇ. ಅದರ ಬೆಲೆಯನ್ನು ತೆರುವವರು ಮುಂದಿನ ಪೀಳಿಗೆಯವರಾದ್ದರಿಂದ ಅದು ಅಚೌರ್ಯಕ್ಕೂ ಭಂಗ ತರುತ್ತದೆ.

ನಮ್ಮ ಕಾವೇರಿಯ ಸಂಗತಿ ಬೇರೊಂದು ಬಗೆಯದು. ಇಲ್ಲಿ ವಿಜ್ಞಾನವು ತೀರ್ಪಿನೊಳಗೇ ಸೇರಿದೆ. 1990ರಲ್ಲಿ ರಚಿತವಾದ ನ್ಯಾಯಾಧಿಕರಣವು 2007ರ ಅಂತಿಮ ತೀರ್ಪಿನಲ್ಲಿ ನದಿಯ ವಾರ್ಷಿಕ ಇಳುವರಿಯನ್ನು 740 ಟಿಎಂಸಿ ಎಂದು ನಿರ್ಣಯಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಒಟ್ಟು ಮೊತ್ತವನ್ನು ಹಾಗೆಯೇ ಉಳಿಸಿ, ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಆದರೆ 740 ಎಂಬುದು ಶೇಕಡಾ 50ರ ಅವಲಂಬನೀಯತೆಯ ಅಂಕಿ. ಎಂದರೆ, ಸರಿಸುಮಾರು ಎರಡು ವರ್ಷಗಳಲ್ಲಿ ಒಂದು ವರ್ಷ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ಬಂದೀತು, ಇನ್ನೊಂದು ವರ್ಷ ಬಾರದು. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ತಗ್ಗಬೇಕೆಂದು ತೀರ್ಪೇ ಹೇಳುತ್ತದೆ. ಆದರೆ ಸಾರ್ವಜನಿಕ ಮಾತಿನಲ್ಲಿ ಅಂಕಿ ಉಳಿದು ಷರತ್ತು ಕಳಚಿ ಬೀಳುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು, ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಮತ್ತೆ ಅದೇ ವಿವಾದ, ಅದೇ ಬಂದ್. ಅಂಕಿಯನ್ನು ನಂಬಿ ಭತ್ತದ ಸಸಿಮಡಿ ಮಾಡಿದ ರೈತನಿಗೆ, ಅವನು ಮಂಡ್ಯದವನಾಗಲಿ ತಂಜಾವೂರಿನವನಾಗಲಿ, ಆ ಷರತ್ತನ್ನು ಬಿತ್ತನೆಗೆ ಮುನ್ನ ಯಾರು ತಿಳಿಸಿದರು?

‘ಸ್ಯಾತ್’ ಎಂಬ ಪದದ ಮಹತ್ವ ಇಲ್ಲಿದೆ. ಅದಕ್ಕೆ ‘ಬಹುಶಃ’ ಎಂದು ಅರ್ಥ ಮಾಡಿ, ಸ್ಯಾದ್ವಾದವನ್ನು ಸಂಶಯವಾದವೆಂದು ತಿಳಿಯುವವರುಂಟು. ಅದು ಸರಿಯಲ್ಲ. ‘ಈ ಅಪೇಕ್ಷೆಯಿಂದ ನೋಡಿದಾಗ ಇದು ನಿಶ್ಚಿತ’ ಎಂಬುದೇ ಅದರ ಭಾವ. ಶೇಕಡಾ 50ರ ಅಪೇಕ್ಷೆಯಿಂದ 740 ನಿಶ್ಚಿತ. ಶೇಕಡಾ 75ರ ಅಪೇಕ್ಷೆಯಿಂದ ಅದಕ್ಕಿಂತ ಕಡಿಮೆಯ ಬೇರೊಂದು ಅಂಕಿ ನಿಶ್ಚಿತ. ಅಪೇಕ್ಷೆಯನ್ನು ಮುಚ್ಚಿಟ್ಟು ಒಂದನ್ನೇ ಪೂರ್ಣ ಸತ್ಯವೆಂದು ಸಾಧಿಸಿದರೆ ನಯವು ದುರ್ನಯವಾಗುತ್ತದೆ.

ಹೀಗೆ ಷರತ್ತುಗಳನ್ನು ಹೇಳುತ್ತಾ ಕುಳಿತರೆ ಆಡಳಿತ ನಡೆಯುವುದು ಹೇಗೆ, ಅಣೆಕಟ್ಟೆಯ ಗೇಟನ್ನು ಇಂದೇ ತೆರೆಯಬೇಕೋ ಬೇಡವೋ ಎಂದು ನಿರ್ಧರಿಸಬೇಕಲ್ಲವೇ ಎಂದು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಅನಿಶ್ಚಿತತೆಯ ನೆಪದಲ್ಲಿ ನಿರ್ಧಾರವನ್ನು ಮುಂದೂಡುವುದೂ ಪ್ರಮಾದವೇ ಸರಿ. ಆದರೆ ಎಷ್ಟು ನೀರು ಬಂದೀತೆಂಬುದನ್ನು ವಿಜ್ಞಾನವು ಹೇಳಬಲ್ಲದೇ ಹೊರತು, ಬಾರದಿದ್ದಾಗ ಯಾರ ಗದ್ದೆ ಒಣಗಬೇಕೆಂಬುದನ್ನು ಹೇಳಲಾರದು. ಆ ಭಾರವನ್ನು ಅಧಿಕಾರಿಗಳೇ ಹೊರಬೇಕು. ‘ತಜ್ಞರು ಹೇಳಿದರು’ ಎಂದು ಜಾರಿಕೊಳ್ಳುವಂತಿಲ್ಲ. ತಜ್ಞರಾದರೂ ತಮ್ಮ ಅಂಕಿಯೊಡನೆ ಅದರ ಮಿತಿಯನ್ನು, ರೈತರಿಗೂ ತಿಳಿಯುವ ಮಾತಿನಲ್ಲಿ, ಬಿತ್ತನೆಗೆ ಮುನ್ನವೇ ಹೇಳಬೇಕು. ಮಳೆಮಾಪಕವೂ ಉಪಗ್ರಹವೂ ಇಂದು ತಿಳಿವಳಿಕೆಯನ್ನು ಬೇಗನೆ ಒದಗಿಸುತ್ತವೆ. ಅದನ್ನು ಇಬ್ಬದಿಯ ರಾಜ್ಯಗಳೂ ಒಂದೇ ಕಡತದಿಂದ ಓದುವಂತಾಗಬೇಕು. ಸಲಹೆಯನ್ನು ಮೀರಿ ನಡೆಯಬೇಕಾಗಿ ಬಂದಲ್ಲಿ ಕಾರಣವನ್ನು ಬರೆದಿಡುವುದೂ ಅಧಿಕಾರಿಗಳ ಕರ್ತವ್ಯವೇ.

ಸಮ್ಯಗ್‌ಜ್ಞಾನವು ಸಮ್ಯಕ್‌ಚಾರಿತ್ರವನ್ನು ಕೂಡದೆ ಫಲಿಸದೆಂದು ರತ್ನತ್ರಯವು ಬೋಧಿಸುತ್ತದೆ. ಗೃಹಸ್ಥರಾದ ನಾವೂ ನಮ್ಮ ಪಕ್ಷಕ್ಕೆ ಹಿತವಾದ ಅಂಕಿಯನ್ನೇ ಆರಿಸಿ ಕೂಗುವ ಮುನ್ನ, ಅದರ ಹಿಂದಿನ ‘ಸ್ಯಾತ್’ ಯಾವುದೆಂದು ಕೇಳುವುದನ್ನು ರೂಢಿಸಿಕೊಳ್ಳೋಣ. ಕೊಡದ ನೀರನ್ನು ಗಾಳಿಸುವ ಕೈಗೆ ಇದು ಹೊಸ ಅಭ್ಯಾಸವೇನಲ್ಲ.