ಇಲ್ಲದ ಜ್ವರ

ಹಾಸನದ ಬೂವನಹಳ್ಳಿಯ ಕಡೆ ಬೆಳಿಗ್ಗೆ ಆರೂವರೆ ಅಂದರೆ ಕಂಪನಿ ಬಸ್ಸಿನ ಹೊತ್ತು. ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ರಸ್ತೆ ಬದಿಗೆ ಬಂದು ನಿಂತಿರುತ್ತಾರೆ. ನಾನು ವಾಕಿಂಗ್ ಮುಗಿಸಿ ವಾಪಸಾಗುವುದೂ ಆಗಲೇ. ಕಳೆದ ಆಷಾಢದಲ್ಲಿ ಒಂದು ದಿನ, ಆ ಸಾಲಿನಲ್ಲಿ ಇರಬೇಕಾಗಿದ್ದ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ಮನೆ ಜಗಲಿಯ ಮೇಲೆ ಕೂತಿದ್ದಳು. ಹೆಗಲ ಮೇಲೆ ಮೂರು ವರ್ಷದ ಮಗು, ಕಿವಿಗೆ ಫೋನು. "ಜ್ವರ ಸಾರ್, ಎದ್ದೇಳಕ್ಕೇ ಆಗ್ತಿಲ್ಲ" ಅಂದಳು. ಫೋನು ಇಟ್ಟವಳೇ ಎರಡೂ ಗಲ್ಲ ಬಡಿದುಕೊಂಡು ಕಣ್ಣು ಮುಚ್ಚಿದಳು.

ನನ್ನನ್ನು ಕಂಡು ಅಳುಕಿದಳು. "ಮಗೀಗೆ ಜ್ವರ ಅಂದ್ರೆ ಬುಡಲ್ಲ ಕಣಣ್ಣ. ನಂಗೇ ಜ್ವರ ಅಂದ್ರೆ ಬುಡ್ತಾರೆ" ಅಂದಳು.

ಗಲ್ಲ ಬಡಿದುಕೊಂಡದ್ದು ಅಸ್ತು ದೇವತೆಗಳಿಗೆ. ನಮ್ಮ ಕಡೆ ಎಲ್ಲರೂ ಕೇಳಿ ಬೆಳೆದ ಮಾತು ಅದು. ಇಲ್ಲದ ಕಾಯಿಲೆಯನ್ನು ಇದೆ ಅನ್ನಬಾರದು, ಮೇಲೆ ಓಡಾಡುವ ದೇವತೆಗಳು 'ಅಸ್ತು' ಅಂದುಬಿಟ್ಟರೆ ಅದೇ ನಿಜವಾಗುತ್ತದೆ. ಈ ಭಯಕ್ಕೇ ಎಷ್ಟೋ ಜನ ರಜೆ ಕೇಳುವಾಗ ತಮಗೆ ಕಾಯಿಲೆ ಎನ್ನದೆ ದೂರದ ದೊಡ್ಡಪ್ಪನನ್ನೋ ಆಗಲೇ ತೀರಿಹೋದ ಅಜ್ಜಿಯನ್ನೋ ಮುಂದೆ ತರುತ್ತಾರೆ. ಅಸ್ತು ಅನ್ನುವವರು ಯಾರೂ ಇಲ್ಲ ಅಂತ ನನಗೆ ಗೊತ್ತು. ಜ್ವರ ಹೆಚ್ಚಾಗಿ ಬರುವುದು ವೈರಾಣುವಿನಿಂದ, ಬ್ಯಾಕ್ಟೀರಿಯಾದಿಂದ. ಆಡಿದ ಮಾತಿನಿಂದ ಯಾರ ಮೈಯೂ ಕಾಯುವುದಿಲ್ಲ. ಆದರೆ ದೇವತೆಗಳನ್ನು ತೆಗೆದುಹಾಕಿದ ಮಾತ್ರಕ್ಕೆ ಪ್ರಶ್ನೆ ಹೋಗುವುದಿಲ್ಲ. ಮೇಲಿನಿಂದ ಶಿಕ್ಷೆ ಬರುವುದಿಲ್ಲ ಎಂದಾದರೆ ಇಲ್ಲದ ಜ್ವರ ಹೇಳುವುದರಲ್ಲಿ ತಪ್ಪೇನು? ತಪ್ಪಿದ್ದರೆ ಅದರಿಂದ ನೋಯುವವರು ಯಾರು? ದೇವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವವರಿಗಿಂತ, ದೇವರಿಲ್ಲ ಅನ್ನುವವರು ಈ ಪ್ರಶ್ನೆಯನ್ನು ಹೆಚ್ಚು ಗಟ್ಟಿಯಾಗಿ ಕೇಳಿಕೊಳ್ಳಬೇಕು.

ಕಾರ್ಖಾನೆಗೆ ಹೋಗುವ ಆ ಹುಡುಗಿಯಿಂದಲೇ ಶುರುಮಾಡುತ್ತೇನೆ. 1948ರ ಕಾರ್ಖಾನೆ ಕಾಯ್ದೆ ಬರೆದವರು ಕೆಲಸಗಾರನಿಗೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ಸಂಬಳ ಸಹಿತ ರಜೆ ಕೊಟ್ಟರು. ವರ್ಷದಲ್ಲಿ 240 ದಿನ ದುಡಿದಿರಬೇಕು, ರಜೆ ಬೇಕಾದರೆ ಹದಿನೈದು ದಿನ ಮೊದಲೇ ಅರ್ಜಿ ಕೊಡಬೇಕು ಎಂದರು. ಆಮೇಲೆ ಒಂದು ಕಿಂಡಿ ಬಿಟ್ಟರು: ಕಾಯಿಲೆಗೆ ಬೇಕಾದ ರಜೆಯಾದರೆ ಮುಂಚೆ ಅರ್ಜಿ ಕೊಡದಿದ್ದರೂ ಕೊಡಬೇಕು. ಏಳು ದಶಕಕ್ಕೂ ಹೆಚ್ಚು ಕಾಲ ನಮ್ಮ ಕಾರ್ಖಾನೆಗಳು ನಡೆದದ್ದು ಈ ನಿಯಮದ ಮೇಲೆ. ಬರೆದವರ ಮನಸ್ಸು ಒಳ್ಳೆಯದೇ. ಆದರೆ ಹದಿನೈದು ದಿನ ಮೊದಲೇ ಹೇಳಿ ಬರುವಂಥದ್ದು ನಮ್ಮ ಬದುಕಿನಲ್ಲಿ ಏನಿದೆ? ಮದುವೆ, ತಿಥಿ, ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಹಾಸನಾಂಬೆ. ಅಷ್ಟೇ. ಮಗುವಿನ ಜ್ವರ ಹೇಳಿ ಬರುವುದಿಲ್ಲ. ಮಳೆ ಹೇಳಿ ಬರುವುದಿಲ್ಲ. ಮುಂಗಾರಿಗೆ ಮುಂಚಿನ ಒಂದು ಹದ ಮಳೆ ಬಿದ್ದರೆ ಹಾಸನದ ಸುತ್ತಿನ ಹೊಲಗಳಲ್ಲಿ ಮರುದಿನವೇ ಆಲೂಗಡ್ಡೆ ನಾಟಿ ಆಗಬೇಕು. ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆ ಎಪಿಎಂಸಿ ಯಾರ್ಡಿನಿಂದ ತಂದು ಮನೆಯಲ್ಲಿ ಮೊಳಕೆಗೆ ಇಟ್ಟಿರುತ್ತಾರೆ. ಆಳಿಗೆ ಕೊಡಲು ದುಡ್ಡಿಲ್ಲದ ಮನೆಯಲ್ಲಿ ಕಂಪನಿಗೆ ಹೋಗುವ ಸೊಸೆಯೇ ಆಳು. ಅಂದು ಬೆಳಿಗ್ಗೆ ಆಕೆ ಸೂಪರ್‌ವೈಸರ್‌ಗೆ ಫೋನು ಮಾಡಿ "ಮಳೆ ಬಂತು ಸಾರ್" ಅನ್ನಬಲ್ಲಳೇ? ತೆರೆದ ಬಾಗಿಲು ಒಂದೇ ಇದ್ದರೆ ಎಲ್ಲರೂ ಅದರಲ್ಲೇ ನುಗ್ಗುತ್ತಾರೆ. ಆ ಬಾಗಿಲಿನ ಮೇಲೆ 'ಕಾಯಿಲೆ' ಎಂದು ಬರೆದಿದ್ದರೆ ಎಲ್ಲರೂ ಕಾಯಿಲೆಯವರೇ ಆಗುತ್ತಾರೆ.

ಅಂಗಡಿ, ಕಚೇರಿಗಳ ಕೆಲಸಗಾರರಿಗೆ ನಮ್ಮ ರಾಜ್ಯದ 1961ರ ಕಾಯ್ದೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ವರ್ಷಕ್ಕೆ ಹನ್ನೆರಡು ದಿನದ ರಜೆ ಕಾಯಿಲೆಗೆ, ಅಪಘಾತಕ್ಕೆ, ಇಲ್ಲವೇ ಬೇರೆ ಯಾವುದಾದರೂ ತಕ್ಕ ಕಾರಣಕ್ಕೆ. ಆ ಕೊನೆಯ ಮಾತನ್ನು ಸೇರಿಸಿದವರಿಗೆ ನಾನು ಕೈಮುಗಿಯುತ್ತೇನೆ. ಮನುಷ್ಯನಿಗೆ ಮೈ ಮಾತ್ರವಲ್ಲ, ಮನೆಯೂ ಇದೆ, ಮನಸ್ಸೂ ಇದೆ ಎಂಬುದನ್ನು ಕಾನೂನಿನ ಭಾಷೆಯಲ್ಲಿ ಒಪ್ಪಿಕೊಂಡ ಮಾತು ಅದು. ಅಲ್ಲಿ ಸುಳ್ಳು ಹೇಳಬೇಕಾದ ಅಗತ್ಯವೇ ಕಡಿಮೆ. 2025ರಲ್ಲಿ ಕರ್ನಾಟಕ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ದಿನ ಮುಟ್ಟಿನ ರಜೆ ಕೊಡಬೇಕೆಂದಾಗ, ಅದಕ್ಕೆ ವೈದ್ಯರ ಸರ್ಟಿಫಿಕೇಟ್ ಬೇಡ ಎಂದಿತು. ದುರುಪಯೋಗವಾಗುತ್ತದೆ ಎಂಬ ಕೂಗು ಕೂಡಲೇ ಎದ್ದಿತು. ಆಗಬಹುದು. ಆದರೆ ಹೊಟ್ಟೆ ಹಿಡಿದುಕೊಂಡು ಮಷೀನಿನ ಮುಂದೆ ಕೂತವಳು ಇಷ್ಟು ವರ್ಷ 'ತಲೆನೋವು' ಎಂದು ಸುಳ್ಳು ಹೇಳಿದಳಲ್ಲ, ಆ ಸುಳ್ಳನ್ನು ದುರುಪಯೋಗ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಗಾದರೆ ತಪ್ಪೆಲ್ಲ ವ್ಯವಸ್ಥೆಯದೇ? ಅಲ್ಲ. ಇಲ್ಲಿ ನನ್ನದೇ ಒಂದು ದಿನದ ಮಾತು ಹೇಳಬೇಕು.

ನಾನು ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವುದೆಂದು ಹೇಳುವುದಿಲ್ಲ. ಒಮ್ಮೆ ಅರಕಲಗೂಡಿನ ನೆಂಟರ ಗೃಹಪ್ರವೇಶಕ್ಕೆ ಹೋಗಲು ಎರಡು ದಿನ ಬೇಕಿತ್ತು. ಸಾಂದರ್ಭಿಕ ರಜೆ ಮುಗಿದಿತ್ತು. ಇ.ಎಲ್. ಎಂಬ ಗಳಿಕೆ ರಜೆ ಮುಟ್ಟಲು ಮನಸ್ಸಿರಲಿಲ್ಲ, ಕೂಡಿಟ್ಟರೆ ದುಡ್ಡಾಗುತ್ತದಲ್ಲ. ವಾಂತಿ-ಭೇದಿ ಎಂದು ಬರೆದು, ಪರಿಚಯದ ಡಾಕ್ಟರರಿಂದ ಎಂ.ಸಿ. ಎಂಬ ವೈದ್ಯಕೀಯ ಸರ್ಟಿಫಿಕೇಟ್ ತಂದು ಹಚ್ಚಿ ಕಾಯಿಲೆಯ ರಜೆ ಹಾಕಿದೆ. ಪುಕ್ಕಟೆ ರಜೆ, ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆ. ಆದರೆ ಗೃಹಪ್ರವೇಶದ ಫೋಟೋ ಹೇಗೋ ಸಾಹೇಬರ ಕಣ್ಣಿಗೆ ಬಿತ್ತು. ಅವರು ನನಗೇನೂ ಅನ್ನಲಿಲ್ಲ.

ಎರಡು ತಿಂಗಳು ಕಳೆದಿರಬೇಕು, ನನ್ನ ಪಕ್ಕದ ಟೇಬಲ್ಲಿನವನಿಗೆ ಕಾಮಾಲೆ ಆಯಿತು. ಅವನೂ ಎಂ.ಸಿ. ಕಳಿಸಿದ. ಸಾಹೇಬರು ಆ ಚೀಟಿಯನ್ನು ಬೆರಳ ತುದಿಯಲ್ಲಿ ಹಿಡಿದು, "ಇಲ್ಲಿಯವರ ಎಂ.ಸಿ. ಹೆಂಗಿರುತ್ತೆ ಅಂತ ನಂಗೊತ್ತು. ಬಂದು ಮುಖ ತೋರಿಸಿ ಹೋಗಲಿ" ಅಂದರು. ಮರುದಿನ ಅವನು ಬಂದ. ಹೊಳೆನರಸೀಪುರದ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಹೆಂಡತಿಯ ತೋಳು ಹಿಡಿದು ಬಂದ. ಕಣ್ಣು ಅರಿಸಿನದ ಹಾಗಿತ್ತು. ಸಾಹೇಬರ ಬಾಗಿಲ ಬಳಿ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದ. ನಾನು ಹತ್ತಡಿ ದೂರದಲ್ಲಿ ಫೈಲು ಬಿಚ್ಚಿಟ್ಟುಕೊಂಡು ತಲೆ ಎತ್ತಲಿಲ್ಲ. ನನ್ನ ವಾಂತಿ-ಭೇದಿಯ ಬೆಲೆಯನ್ನು ಅವನು ತೆರುತ್ತಿದ್ದ. ಅವನಿಗದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಸುಳ್ಳು ಕಾಯಿಲೆಯಿಂದ ನಾವು ಕದಿಯುವುದು ಸರ್ಕಾರದ ಒಂದು ದಿನವನ್ನೋ ಮಾಲೀಕನ ಒಂದು ದಿನವನ್ನೋ ಎಂದು ಅಲ್ಲಿಯವರೆಗೂ ತಿಳಿದಿದ್ದೆ. ಅದು ಸಣ್ಣ ಪಾಲು. ನಿಜವಾಗಿ ನಾವು ಖರ್ಚು ಮಾಡುವುದು ನಂಬಿಕೆಯನ್ನು, ಅದೂ ಮುಂದೆ ನಿಜವಾಗಿ ಮಲಗುವವನಿಗೆಂದು ಇದ್ದ ನಂಬಿಕೆಯನ್ನು. ಕಾಯಿಲೆಯವನು ತನ್ನ ನೋವನ್ನು ಬಿಚ್ಚಿ ತೋರಿಸಲಾರ. ಬೆನ್ನುನೋವಿಗೆ ಗಾಯವಿಲ್ಲ, ಅರೆತಲೆನೋವಿಗೆ ಬಾವಿಲ್ಲ, ಖಿನ್ನತೆಗಂತೂ ಥರ್ಮಾಮೀಟರೇ ಇಲ್ಲ. ಅವರಿಗಿರುವ ಆಸ್ತಿ 'ಅವನು ಅಂದನೆಂದರೆ ಇರುತ್ತದೆ' ಎಂಬ ಮಾತೊಂದೇ. ನನ್ನಂಥವರು ಅದನ್ನು ಹೋಳಿಗೆ ಊಟಕ್ಕೆ ಕರಗಿಸುತ್ತೇವೆ.

ಕೆಲವು ಕಡೆ ಇದು ಬರೀ ನಂಬಿಕೆಯಲ್ಲ, ದುಡ್ಡೂ ಹೌದು. ಇ.ಎಸ್.ಐ. ಎಂಬ ಕಾರ್ಮಿಕರ ವಿಮೆ ಯೋಜನೆಯಲ್ಲಿ ಕಾಯಿಲೆ ಬಿದ್ದವರಿಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ಆ ಹಣ ಬರುವುದು ಮಾಲೀಕ ಕಟ್ಟುವ ಶೇಕಡಾ 3.25 ಮತ್ತು ಕೆಲಸಗಾರರ ಸಂಬಳದಿಂದ ಹಿಡಿಯುವ ಶೇಕಡಾ 0.75ರಿಂದ. ತಿಂಗಳಿಗೆ ಹನ್ನೆರಡು ಸಾವಿರ ಎಣಿಸುವವಳು ತೊಂಬತ್ತು ರೂಪಾಯಿ ಹಾಕಿದ ಗಂಟು ಅದು. ಸುಳ್ಳು ಚೀಟಿ ಕೈ ಹಾಕುವುದು ಆ ಗಂಟಿಗೆ. 1948ರಲ್ಲಿ ಈ ಯೋಜನೆಯ ಕಾಯ್ದೆ ಮಾಡಿದಾಗಲೇ ಸುಳ್ಳು ಹೇಳಿ ಹಣ ಪಡೆದರೆ ಜೈಲು ಎಂದೂ ಬರೆದರು. ಆದರೂ ಈ ಯೋಜನೆಯಲ್ಲಿ ಕಾಯಿಲೆಯ ಭತ್ಯೆ ವಿಮೆ ಇರುವವರ ಸ್ವಂತ ಕಾಯಿಲೆಗೆ ಮಾತ್ರ. ನಮ್ಮ ಬೀದಿಯ ಹುಡುಗಿ ಮಗುವಿನ ಜ್ವರವನ್ನು ತನ್ನ ಮೈಮೇಲೆ ಹೊದ್ದುಕೊಂಡದ್ದು ಯಾಕೆಂದು ಇಲ್ಲೂ ಕಾಣುತ್ತದೆ.

ಹೀಗೆ ತೂಗಿ ನೋಡಿದಾಗ ನನಗೆ ಅವಳ ಸುಳ್ಳೂ ನನ್ನ ಸುಳ್ಳೂ ಒಂದೇ ತೂಕ ಬರುವುದಿಲ್ಲ. ನನಗೆ ಬೇರೆ ದಾರಿ ಇತ್ತು, ಇ.ಎಲ್. ಇತ್ತು. ನಿಜ ಹೇಳಿದ್ದರೆ ನನ್ನ ಉಳಿತಾಯದಿಂದ ಎರಡು ದಿನ ಹೋಗುತ್ತಿತ್ತು, ಅಷ್ಟೇ. ಅವಳಿಗೆ ಬೇರೆ ದಾರಿ ಇರಲಿಲ್ಲ. ಆಯ್ಕೆ ಇದ್ದೂ ಹೇಳಿದ ಸುಳ್ಳು ಹೇಳಿದವನದು. ಆಯ್ಕೆ ಇಲ್ಲದೆ ಹೇಳಿದ ಸುಳ್ಳಿನಲ್ಲಿ ದೊಡ್ಡ ಪಾಲು ಹೇಳಿಸಿದವರದು. ಹಾಗೆಂದು ಅವಳ ಪಾಲು ಸೊನ್ನೆಯಲ್ಲ. ಅವಳು ಬಾರದ ದಿನ ಆ ಲೈನಿನ ಟಾರ್ಗೆಟ್ ಕಡಿಮೆಯಾಗುವುದಿಲ್ಲ, ಅವಳ ಭಾರ ಪಕ್ಕದ ಮಷೀನಿನವಳ ಬೆನ್ನಿಗೆ ಹೋಗುತ್ತದೆ. ಆ ಪಕ್ಕದವಳಿಗಾದರೂ ನಿಜ ಗೊತ್ತಿರಬೇಕು ಎಂಬುದು ನನ್ನ ಆಸೆ.

ಒಬ್ಬರೇ ಇರುವ ಕಡೆ ತೂಕ ಇನ್ನೂ ಬೇರೆ. ಒಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಅವರ ಇಲ್ಲದ ಜ್ವರಕ್ಕೆ ಇಡೀ ಶಾಲೆ ಮಲಗುತ್ತದೆ. ಹಾಗೆಂದು ಮೇಷ್ಟ್ರುಗಳನ್ನು ಬೈಯುವ ಚಾಳಿಗೆ ನಾನು ಸೇರುವುದಿಲ್ಲ. 2003ರಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದು ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಾಲ್ವರು ಶಿಕ್ಷಕರಲ್ಲಿ ಒಬ್ಬರು ಹಾಜರಿರಲಿಲ್ಲ ಎಂದಿತ್ತು. ಆ ಅಂಕಿ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ಎಣಿಸಿ, ಬಾರದವರು ಬಾರದಿದ್ದದ್ದು ಯಾಕೆ ಎಂದೂ ಕೇಳಿತು. ಶಾಲೆಯಲ್ಲಿ ಇಲ್ಲದವರು ನೂರಕ್ಕೆ 18.5, ಕಾರಣವಿಲ್ಲದೆ ಗೈರಾದವರು 2.5. ಉಳಿದವರು ಇಲಾಖೆಯ ಕೆಲಸ, ತರಬೇತಿ, ಮಂಜೂರಾದ ರಜೆಗಳಲ್ಲಿ ಇದ್ದರು. ಗೈರು ಎಂದರೆ ಕಳ್ಳತನ ಎಂದುಕೊಳ್ಳುವ ಮೊದಲು ಎಣಿಸಬೇಕು, ಎಣಿಸಿದ ಮೇಲೆ ಕಾರಣ ಕೇಳಬೇಕು. ವೈಚಾರಿಕತೆ ದೇವಸ್ಥಾನದ ಬಾಗಿಲಲ್ಲಿ ಮಾತ್ರ ಬೇಕಾದದ್ದಲ್ಲ, ಹಾಜರಿ ಪುಸ್ತಕದ ಮುಂದೆಯೂ ಬೇಕು.

ಕಾಯಕದ ಹೆಸರು ಹೇಳಿ ದಣಿದವರ ಬಾಯಿ ಮುಚ್ಚಿಸುವವರೂ ಇದ್ದಾರೆ. ದಣಿವು ಕಾಯಿಲೆಯಲ್ಲ ಎಂದು ಅವರು ಎಷ್ಟು ಧೈರ್ಯದಿಂದ ಹೇಳುತ್ತಾರೆ! ಆ ಧೈರ್ಯ ಒಮ್ಮೆ ಕರಗಿದ್ದನ್ನೂ ಕಂಡೆ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿ ದಿನಬೆಳಗಾದರೆ ಬರುತ್ತಿದ್ದಾಗ ಜನ ಕಂಗಾಲಾಗಿ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಲೆಕ್ಕ ಹಾಕಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಭಯ ತಗ್ಗಿತು, ಒಳ್ಳೆಯದಾಯಿತು. ಆದರೆ ಆ ವಾರಗಳಲ್ಲಿ ಎದೆ ಹಿಡಿದುಕೊಂಡು "ಒಂದಿನ ಬುಡಿ ಸಾರ್" ಎಂದವರನ್ನು ನಾನು ಕಂಡ ಯಾವ ಮೇಲಧಿಕಾರಿಯೂ ನಾಟಕ ಎನ್ನಲಿಲ್ಲ. ನಂಬುವುದು ಸಾಧ್ಯವಿದೆ ಎಂದು ಆಗ ನೋಡಿದೆವು. ಅದಕ್ಕೆ ಇಷ್ಟೊಂದು ಸಾವಿನ ಸುದ್ದಿ ಬೇಕಾಗಬಾರದಿತ್ತು.

ಗುಂಪಾಗಿ ರಜೆ ಹಾಕುವ ಮಾತೂ ಇದೆ. 2016ರ ಜೂನ್ 4ರಂದು ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಗೆ ಕರೆ ಕೊಟ್ಟಿದ್ದರು. ವಾರದ ರಜೆ ಬೇಕು, ಸಂಬಳ ಸರಿಯಾಗಬೇಕು ಎಂದು ಅವರು ಬಹಿರಂಗವಾಗಿಯೇ ಕೇಳಿದ್ದರು. ಸರ್ಕಾರ ಅಗತ್ಯ ಸೇವೆಗಳ ಕಾಯ್ದೆ ಎಸ್ಮಾ ಹಾಕಿತು, ಮುಂದಾಳನ್ನು ಬಂಧಿಸಿತು, ರಜೆ ನಡೆಯಲಿಲ್ಲ. ಆದರೂ ಅದರ ಬೆನ್ನಲ್ಲೇ ಪೊಲೀಸರ ಸಂಬಳ ನೋಡಲು ಔರಾದ್ಕರ್ ಸಮಿತಿ ಬಂತು, ಮುಂದೆ ಸಂಬಳವೂ ಏರಿತು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಮಾನ ಸಿಬ್ಬಂದಿ ನೂರಾರು ಮಂದಿ ಒಟ್ಟಿಗೆ ಕಾಯಿಲೆ ಎಂದು ತಿಳಿಸಿದರು. ವಿಮಾನಗಳು ನಿಂತವು, ಕಂಪನಿ 25 ಮಂದಿಯನ್ನು ತೆಗೆಯಿತು, ಮೇ 9ರ ಸಂಧಾನದಲ್ಲಿ ವಾಪಸ್ ತೆಗೆದುಕೊಂಡಿತು. ಎರಡೂ ಕಡೆ ದೂರು ಸಣ್ಣದಾಗಿರಲಿಲ್ಲ. ಆದರೆ ನನ್ನ ಗೌರವ ಹೆಚ್ಚು ಸಲ್ಲುವುದು 'ನನಗೆ ಬಿಡುವು ಬೇಕು' ಎಂದು ಹೆಸರು ಹಾಕಿ ಕೇಳಿದ ಕಾನ್‌ಸ್ಟೇಬಲ್‌ಗೆ. ಜ್ವರದ ಮರೆಯಲ್ಲಿ ಹೋರಾಡಿದಾಗ ಬೇಡಿಕೆಯೂ ಜ್ವರದಷ್ಟೇ ಸುಳ್ಳೆಂದು ಕಾಣಿಸಿಬಿಡುತ್ತದೆ.

ನಮ್ಮೂರ ಬಳಿಯೂ ವಿಮಾನ ನಿಲ್ದಾಣ ಬರುತ್ತಿದೆ. ದೇವೇಗೌಡರ ಬಹುಕಾಲದ ಕನಸು ಅದು. ಅಲ್ಲಿ ಕಾಂಕ್ರೀಟು ಹಾಕಲು ಬಂದ ದಿನಗೂಲಿಯವರನ್ನು ನೋಡುವಾಗ ಮನಸ್ಸು ಇನ್ನೊಂದು ಕಡೆ ಹೋಗುತ್ತದೆ. ಅವರಲ್ಲಿ ಯಾರೂ ಸುಳ್ಳು ಜ್ವರ ಹೇಳುವುದಿಲ್ಲ. ಹೇಳಿ ಪಡೆಯುವುದಕ್ಕೆ ಅವರಿಗೆ ರಜೆಯೇ ಇಲ್ಲ. ನಿಜವಾದ ಜ್ವರ ಬಂದರೂ ಮಾತ್ರೆ ನುಂಗಿ ಬಾಣಲೆ ಹೊರುತ್ತಾರೆ. ಏಳಲೇ ಆಗದಿದ್ದರೆ ಶೆಡ್ಡಿನಲ್ಲಿ ಮಲಗುತ್ತಾರೆ, ಅಂದಿನ ಕೂಲಿ ಇಲ್ಲ. ನಾನು ಸುಳ್ಳು ಹೇಳಿ ತೆಗೆದುಕೊಂಡ ಎರಡು ದಿನಗಳು ಅವರಿಗೆ ನಿಜ ಹೇಳಿದರೂ ಸಿಗುವುದಿಲ್ಲ. ಸಂಬಳದ ಕಾಯಿಲೆ ರಜೆ ಎಂಬುದು ನಮ್ಮ ಹಿಂದಿನ ಕಾರ್ಮಿಕರು ಹೋರಾಡಿ ಗಳಿಸಿಕೊಟ್ಟದ್ದು, ಇನ್ನೂ ಬಹುಪಾಲು ಜನರಿಗೆ ಮುಟ್ಟದೆ ಇರುವುದು. ಅದನ್ನು ಹಾಳುಮಾಡುವಾಗ ನೆನಪಿಗೆ ಬರಬೇಕಾದವರು ಅವರು.

ಶ್ರಾವಣದಲ್ಲಿ ಆ ಹುಡುಗಿ ಒಂದು ಸಂಜೆ ನಮ್ಮ ಮನೆಗೆ ಬಂದಳು. ಮಗುವಿಗೆ ಮತ್ತೆ ಜ್ವರ ಬಂದು ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದಿದ್ದಳು. "ಲೀವ್ ಲೆಟರ್ ಬರ್ಕೊಡಣ್ಣ" ಅಂದಳು. ಏನೆಂದು ಬರೆಯಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದಿದ್ದೇ ಬರಿ" ಅಂದಳು. ಮಗುವಿಗೆ ಜ್ವರ, ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಬರೆದೆ. ಆಸ್ಪತ್ರೆಯ ಚೀಟಿ ಜೊತೆಗೆ ಪಿನ್ನು ಮಾಡಿಕೊಟ್ಟೆ.

ತಿಂಗಳ ಕೊನೆಗೆ ಸಿಕ್ಕಳು. ಏನಾಯಿತೆಂದು ಕೇಳಿದೆ.

"ಒಂದಿನದ ಸಂಬಳ ಹಿಡ್ಕೊಂಡ್ರು ಕಣಣ್ಣ. ಅಟೆಂಡೆನ್ಸ್ ಬೋನಸ್ಸೂ ಹೋಯ್ತು" ಅಂದಳು. ಬಸ್ಸು ಬಂತು, ಹತ್ತಿಕೊಂಡಳು.